ನಿಮಗಿದು ಗೊತ್ತೆ? ನಾಯಿಯ ಕೆರೆತವೆಲ್ಲ ಕಜ್ಜಿಯಲ್ಲ

ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳಲ್ಲಿ ಮೈ ಕೆರೆದುಕೊಳ್ಳುವ ನಾಯಿಗೆ ‘ಕಜ್ಜಿ ನಾಯಿ’ ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ. ಪಾಪ, ಅದಕ್ಕಿರುವುದು ಅಲರ್ಜಿಯೂ ಆಗಿರಬಹುದು. ಧೂಳಿನ ನುಸಿ, ಹೂವಿನ ಪರಾಗ ಒಗ್ಗದೆ ಬರುವ ‘ಅಟೋಪಿಕ್ ಡರ್ಮಟೈಟಿಸ್’ ಒಂದೇ ಶೇ 10ರಿಂದ 15ರಷ್ಟು ನಾಯಿಗಳನ್ನು ಕಾಡುತ್ತದೆ ಎಂಬುದು ಪಶುವೈದ್ಯಲೋಕದ ಅಂದಾಜು. ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರು. ಪಂಜ ನೆಕ್ಕುವುದು, ಕಿವಿ ಕೆರೆಯುವುದು ಮೊದಲ ಸುಳಿವು.

ನಮ್ಮ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಿಗಟವನ್ನು. ಅಲರ್ಜಿ ತರುವುದು ಅದರ ಜೊಲ್ಲು. ಒಗ್ಗದ ನಾಯಿಗೆ ಒಂದೆರಡು ಕಡಿತವೇ ಸಾಕು, ಬಾಲದ ಬುಡದಲ್ಲಿ ಕೂದಲು ಉದುರಿ ಹುಣ್ಣಾಗುತ್ತದೆ. ಬಾಚಿದಾಗ ಉದುರುವ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ನಾಯಿಯದೇ ರಕ್ತ. ಹಿಮ ಬೀಳುವ ಚಳಿ ಇಲ್ಲಿಲ್ಲದ್ದರಿಂದ ಚಿಗಟಕ್ಕೆ ವರ್ಷವಿಡೀ ಸುಗ್ಗಿ. ಮೊಟ್ಟೆ, ಮರಿಹುಳುಗಳಿರುವುದು ಹಾಸಿಗೆ, ಚೀಲ, ನೆಲದ ಬಿರುಕುಗಳಲ್ಲಿ; ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು.

ಕೋಳಿ, ಹಾಲು, ಗೋಧಿ ಕೂಡ ಕೆಲವು ನಾಯಿಗಳಿಗೆ ಒಗ್ಗದು. ಅದನ್ನು ಪತ್ತೆಹಚ್ಚಲು ಸುಮಾರು 8 ವಾರ ಹೊಸ ಆಹಾರವೊಂದನ್ನೇ ಕೊಡಬೇಕು, ನಡುವೆ ಒಂದು ಬಿಸ್ಕತ್ತೂ ಕೂಡದು.

ಕಜ್ಜಿ ಎಂದುಕೊಂಡು ಗ್ಯಾರೇಜಿನ ಕರಿ ಆಯಿಲ್ ಮಾತ್ರ ದಯವಿಟ್ಟು ನಾಯಿಗೆ ಬಳಿಯಬೇಡಿ. ನಾಯಿ ಮೈ ನೆಕ್ಕಿದಾಗ ಆ ವಿಷ ನೇರ ಹೊಟ್ಟೆಗೆ ಹೋಗುತ್ತದೆ.