ಸಿಪ್ಪೆಯೆಷ್ಟು, ಕಾಳೆಷ್ಟು? ತಡವಳ ಸೀಮೆಯ ಶೇಂಗಾ, ಗೋವಿನಜೋಳದ ಲೆಕ್ಕ

ಅಡಿಕೆ ಸುಲಿಯುವ ಮನೆಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಹರಡಿದ ರಾಶಿ ಎಷ್ಟೇ ದೊಡ್ಡದಿರಲಿ, ಕೈಗೆ ಹಣ ಬರುವುದು ಸಿಪ್ಪೆ ಕಳೆದು ಉಳಿದ ಚಾಲಿಯಿಂದ ಮಾತ್ರ. ಒಣಗಿದ್ದು ಸಾಲದಿದ್ದರೆ ಸುಲಿ ಕಷ್ಟ. ಸುಲಿಯುವಾಗ ಒಡೆದರೆ ಅದು ಪಟೋರದ ಲೆಕ್ಕಕ್ಕೆ ಹೋಗಿ ದರ ಇಳಿಯುತ್ತದೆ. ಇದೇ ಲೆಕ್ಕವನ್ನು ನಮ್ಮಿಂದ ನೂರಾರು ಮೈಲು ದೂರದಲ್ಲಿ, ಬೇರೊಂದು ಬೆಳೆಯ ಮೇಲೆ, ನಮ್ಮದೇ ಭಾಷೆಯಲ್ಲಿ ಹಾಕುವ ಕುಟುಂಬಗಳಿವೆ. ಅವರ ವಿಷಯವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ.

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕು ನಮಗೆ ತೀರ ಅಪರಿಚಿತವಲ್ಲ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಭಾಗವನ್ನೂ ಅಕ್ಕಲಕೋಟೆ ತಾಲೂಕನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಒಂದೇ ವರದಿಯಲ್ಲಿ ಹೇಳಿತ್ತು. ವರದಿ ಕಾಗದದಲ್ಲಿ ಉಳಿಯಿತು. ಎರಡು ಪ್ರದೇಶಗಳೂ ಇದ್ದಲ್ಲಿಯೇ ಉಳಿದವು. ಆ ತಾಲೂಕಿನ ದಕ್ಷಿಣದಲ್ಲಿ, ಹೊಟಗಿಯಿಂದ ವಿಜಯಪುರಕ್ಕೆ ಹೋಗುವ ರೈಲು ಮಾರ್ಗದಲ್ಲಿ ತಡವಳವಿದೆ. ಭೀಮಾ ನದಿಯನ್ನು ದಾಟಿದರೆ ಕರ್ನಾಟಕದ ಇಂಡಿ ತಾಲೂಕು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಅದರ ಕಾಲುಭಾಗ ಬಿದ್ದರೂ ಒಳ್ಳೆಯ ವರ್ಷವೆನ್ನಬೇಕು. ಕಪ್ಪು ಎರೆನೆಲ, ಹಿಂಗಾರಿಯಲ್ಲಿ ಬಿಳಿಜೋಳ, ಮುಂಗಾರಿನಲ್ಲಿ ತೊಗರಿ, ಶೇಂಗಾ, ನೀರಿದ್ದಲ್ಲಿ ಕಬ್ಬು, ಗೋವಿನಜೋಳ. ನಾವು ನೆಲಗಡಲೆ ಎನ್ನುವುದು ಅವರಿಗೆ ಶೇಂಗಾ. ನಾವು ಮುಸುಕಿನ ಜೋಳ ಎನ್ನುವುದು ಅವರಿಗೆ ಗೋವಿನಜೋಳ. ಸೊಲ್ಲಾಪುರದ ಶೇಂಗಾ ಚಟ್ನಿಯಂತೂ ಊರೂರು ಸುತ್ತಿ ಹೆಸರು ಮಾಡಿದೆ. ಆ ಚಟ್ನಿಯ ಹಿಂದೆ ಒಂದು ದೊಡ್ಡ ದುಡಿಮೆಯಿದೆ: ಕಾಯಿ ಒಡೆದು ಕಾಳು ತೆಗೆಯುವುದು.

ನೂರಕ್ಕೆ ಎಷ್ಟು?

ಮೊದಲಿಗೆ ಲೆಕ್ಕ. ಒಣಗಿದ 100 ಕಿಲೋ ಶೇಂಗಾ ಕಾಯಿಯನ್ನು ಒಡೆದರೆ ಸಾಮಾನ್ಯವಾಗಿ 65ರಿಂದ 75 ಕಿಲೋ ಕಾಳು ಸಿಗುತ್ತದೆ, ಉಳಿದುದು ಸಿಪ್ಪೆ. ಗೋವಿನಜೋಳದಲ್ಲಿ ಒಣಗಿದ 100 ಕಿಲೋ ತೆನೆಗೆ ಸುಮಾರು 80 ಕಿಲೋ ಕಾಳು, ಉಳಿದುದು ದಿಂಡು.

ಹತ್ತು ಕ್ವಿಂಟಲು ಕಾಯಿ ಬೆಳೆದ ಇಬ್ಬರು ರೈತರನ್ನು ತೆಗೆದುಕೊಳ್ಳೋಣ. ಒಬ್ಬನ ಕಾಯಿಯಲ್ಲಿ ಶೇಕಡಾ 72 ಕಾಳು, ಇನ್ನೊಬ್ಬನ ಕಾಯಿಯಲ್ಲಿ ಶೇಕಡಾ 66. ಚೀಲಗಳ ತೂಕ ಒಂದೇ. ಆದರೆ ಒಬ್ಬನ ಮನೆಯಲ್ಲಿ 60 ಕಿಲೋ ಕಾಳು ಹೆಚ್ಚು. ಗಾಣಕ್ಕೆ ಹಾಕಿದರೆ ಅದು ಇಪ್ಪತ್ತು ಕಿಲೋಗೂ ಮಿಕ್ಕ ಎಣ್ಣೆ. ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಆತ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಒಡೆದು ನೋಡಿಯೇ ದರ ಹೇಳುತ್ತಾನೆ. ರೈತ ಅದನ್ನು ಮೊದಲೇ ಮನೆಯಲ್ಲಿ ಒಡೆದು ತೂಗಿ ನೋಡಿರದಿದ್ದರೆ ಆತ ಹೇಳಿದ್ದೇ ದರವಾಗುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾಯಿಯೊಳಗೆ ಎಷ್ಟು ಕಾಳಿದೆ ಎಂಬುದು ಒಂದು. ಇದ್ದ ಕಾಳಿನಲ್ಲಿ ಎಷ್ಟು ಇಡಿಯಾಗಿ ಹೊರಬಂತು ಎಂಬುದು ಇನ್ನೊಂದು. ಮೊದಲನೆಯದನ್ನು ಹೊಲ ನಿರ್ಧರಿಸುತ್ತದೆ, ಎರಡನೆಯದನ್ನು ಒಣಗಿಸುವ ಕಣ ಮತ್ತು ಒಡೆಯುವ ಯಂತ್ರ. ಯಾವ ಯಂತ್ರವೂ ಕಾಯಿಯಲ್ಲಿಲ್ಲದ ಕಾಳನ್ನು ಹುಟ್ಟಿಸಲಾರದು. ಇರುವುದನ್ನು ಕಳೆಯಬಲ್ಲದು, ಅಷ್ಟೆ.

ಹೊಲದಲ್ಲೇ ಆಗುವ ತೀರ್ಮಾನ

ತಳಿಯಿಂದ ಆರಂಭಿಸೋಣ. ತಮಿಳುನಾಡಿನ ತಿಂಡಿವನಂನಲ್ಲಿ 1940ರಲ್ಲಿ ಬಿಡುಗಡೆಯಾದ ಟಿ.ಎಂ.ವಿ. 2, ಮಹಾರಾಷ್ಟ್ರದ ಜಳಗಾಂವದಿಂದ 1978ರಲ್ಲಿ ಬಂದ ಜೆ.ಎಲ್. 24, ಇವೆರಡೂ ತೆಳು ಸಿಪ್ಪೆಯ ಗೊಂಚಲು ಜಾತಿಗಳು; ಕಾಳಿನ ಪ್ರಮಾಣ ಒಳ್ಳೆಯದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ. 4 ತಳಿ ಎಲೆಚುಕ್ಕೆ ಮತ್ತು ತುಕ್ಕು ರೋಗಗಳನ್ನು ತಡೆದುಕೊಳ್ಳುತ್ತದೆ. ರೋಗಕ್ಕೂ ಕಾಳಿಗೂ ಏನು ಸಂಬಂಧವೆಂದು ಕೇಳಬಹುದು. ಎಲೆ ಬೇಗ ಉದುರಿದರೆ ಕಾಳು ತುಂಬುವ ಕಾಲಕ್ಕೆ ಗಿಡದಲ್ಲಿ ಅಡುಗೆ ಮಾಡುವವರೇ ಇಲ್ಲದಂತಾಗುತ್ತದೆ. ಸಿಪ್ಪೆ ಬೆಳೆದಿರುತ್ತದೆ, ಒಳಗೆ ಕಾಳು ಚಿರುಟಿರುತ್ತದೆ.

ಶೇಂಗಾದ ಸ್ವಭಾವವೇ ವಿಚಿತ್ರ. ಹೂವು ಮೇಲೆ, ಕಾಯಿ ಕೆಳಗೆ. ಹೂವಿನ ಬುಡದಿಂದ ಹೊರಟ ಸೂಜಿಯಂಥ ಎಳೆ ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಈ ಕಾಯಿಗೆ ಬೇಕಾದ ಸುಣ್ಣದ ಅಂಶ ಬೇರಿನಿಂದ ಬರುವುದಿಲ್ಲ. ಸುತ್ತಲಿನ ಮಣ್ಣಿನಿಂದ ಕಾಯಿಯೇ ನೇರವಾಗಿ ಹೀರಿಕೊಳ್ಳಬೇಕು. ಹೀರಿಕೊಳ್ಳಲು ಮಣ್ಣಿನಲ್ಲಿ ಸುಣ್ಣವೂ ಬೇಕು, ಹಸಿಯೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಕಾಯಿ ಜೊಳ್ಳಾಗುತ್ತದೆ. ಅದಕ್ಕಾಗಿಯೇ ಹೂ ಬಿಡುವ ಹೊತ್ತಿಗೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಮ್ಮನ್ನು ಗಿಡದ ಬುಡಕ್ಕೆ ಕೊಟ್ಟು ಮಣ್ಣು ಏರಿಸಬೇಕೆಂದು ಕೃಷಿ ವಿಜ್ಞಾನಿಗಳು ಹೇಳುವುದು. ಎರೆನೆಲದಲ್ಲಿ ಸುಣ್ಣಕ್ಕೆ ಅಷ್ಟು ಕೊರತೆಯಿರದು. ಆದರೆ ಜಿಪ್ಸಮ್ಮಿನಲ್ಲಿರುವ ಗಂಧಕ ಎಣ್ಣೆಕಾಳಿಗೆ ಅಗತ್ಯ. ಕಾಯಿ ಇಳಿದ ಮೇಲೆ ಎಡೆ ಹೊಡೆಯಬಾರದು. ಹೊಡೆದರೆ ಆ ಎಳೆಗಳು ಹರಿಯುತ್ತವೆ.

ತಡವಳದಂಥ ಮಳೆ ಕಡಿಮೆಯ ಊರಿನಲ್ಲಿ ನಿಜವಾದ ಪರೀಕ್ಷೆ ಕಾಯಿ ತುಂಬುವ ವಾರಗಳಲ್ಲಿ. ಆಗ ಹದಿನೈದು ದಿನ ಮಳೆ ಕೈಕೊಟ್ಟರೆ ಗಿಡ ಹಸಿರಾಗಿಯೇ ಕಾಣಬಹುದು, ನಷ್ಟ ಮಣ್ಣಿನೊಳಗೆ ಆಗಿರುತ್ತದೆ. ಬಾವಿಯಿದ್ದವರು ಒಂದೇ ನೀರು ಕೊಡಬಲ್ಲರಾದರೆ ಅದನ್ನು ಈ ಹೊತ್ತಿಗೆ ಉಳಿಸಿಕೊಳ್ಳುವುದು ಜಾಣತನ.

ಗೋವಿನಜೋಳಕ್ಕೂ ಇಂಥದೇ ಒಂದು ಗಂಡಾಂತರದ ಹೊತ್ತಿದೆ. ಮೇಲೆ ಸೂಲಂಗಿ ಪರಾಗ ಉದುರಿಸುವಾಗಲೇ ಕೆಳಗೆ ತೆನೆಯ ರೇಷ್ಮೆಯಂಥ ಕೂದಲು ಹೊರಬರಬೇಕು. ಒಂದೊಂದು ಕೂದಲಿಗೆ ಒಂದೊಂದು ಕಾಳು. ನೀರಿನ ಕೊರತೆ, ಬಿಸಿಲಿನ ಝಳ ಹೆಚ್ಚಾದರೆ ಕೂದಲು ತಡವಾಗಿ ಬರುತ್ತದೆ, ಪರಾಗ ಮೊದಲೇ ಮುಗಿದಿರುತ್ತದೆ. ಆಗ ತೆನೆಯ ತುದಿ ಬೋಳು, ನಡುನಡುವೆ ಹಲ್ಲುದುರಿದಂತೆ ಖಾಲಿ. ದಿಂಡಿನ ತೂಕ ಮಾತ್ರ ಇದ್ದೇ ಇರುತ್ತದೆ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡು ದೇಶವೆಲ್ಲ ಹಬ್ಬಿದ ಹೊಸ ಸೈನಿಕ ಹುಳು ಸುಳಿಯನ್ನಲ್ಲದೆ ತೆನೆಯನ್ನೂ ಕೊರೆಯುತ್ತದೆ; ಕೊರೆದ ದಾರಿಯಲ್ಲಿ ಬೂಷ್ಟು ಸೇರುತ್ತದೆ.

ಕೀಳುವ ಹೊತ್ತು, ಒಣಗಿಸುವ ಹದ

ಶೇಂಗಾ ಬಲಿತಿದೆಯೇ ಎಂದು ತಿಳಿಯಲು ಎಲೆ ನೋಡಿದರೆ ಸಾಲದು. ಕಾಯಿ ಒಡೆದು ಸಿಪ್ಪೆಯ ಒಳಮೈ ನೋಡಬೇಕು. ಎಳೆಯದರಲ್ಲಿ ಬಿಳಿ, ಬಲಿತದ್ದರಲ್ಲಿ ಕಂದು ಅಥವಾ ಕಪ್ಪು ಬಣ್ಣ. ನೂರರಲ್ಲಿ ಎಪ್ಪತ್ತೈದು ಕಾಯಿಗಳು ಹೀಗೆ ಬಣ್ಣ ತಿರುಗಿದ್ದರೆ ಕೀಳಬಹುದು. ಅವಸರ ಮಾಡಿದರೆ ಕಾಳು ಒಣಗಿದ ಮೇಲೆ ಸುಕ್ಕಾಗಿ ತೂಕ ಕಳೆದುಕೊಳ್ಳುತ್ತದೆ. ತಡ ಮಾಡಿದರೆ ಎರೆಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಗಿಡ ಮಾತ್ರ ಕೈಗೆ ಬಂದು ಕಾಯಿ ನೆಲದಲ್ಲಿ ಉಳಿಯುತ್ತದೆ. ಗೋವಿನಜೋಳದಲ್ಲಿ ಕಾಳಿನ ಬುಡವನ್ನು ಉಗುರಿನಿಂದ ಕೆರೆದು ನೋಡಬೇಕು. ಕಪ್ಪು ಪದರ ಕಂಡರೆ ಕಾಳು ಬಲಿಯುವುದು ಮುಗಿದಿದೆ ಎಂದರ್ಥ.

ಆದರೆ ಬಲಿತದ್ದೆಲ್ಲ ಒಣಗಿದ್ದಲ್ಲ. ಕಪ್ಪು ಪದರ ಮೂಡಿದಾಗ ಗೋವಿನಜೋಳದಲ್ಲಿ ಇನ್ನೂ ಶೇಕಡಾ 30ರಷ್ಟು ನೀರಿರುತ್ತದೆ. ಆಗಲೇ ಯಂತ್ರಕ್ಕೆ ಕೊಟ್ಟರೆ ಕಾಳು ದಿಂಡನ್ನು ಬಿಡದು, ಬಿಟ್ಟರೂ ಜಜ್ಜಿಹೋಗುತ್ತದೆ. ತೇವ ಶೇಕಡಾ 20ಕ್ಕಿಂತ ಕೆಳಗಿಳಿದ ಮೇಲೆ ಬಿಡಿಸುವುದು ಲೇಸು. ದಾಸ್ತಾನಿಗೆ 12–13ಕ್ಕೆ ಇಳಿಯಬೇಕು. ತೂಕದ ಮೋಸವೂ ಇಲ್ಲಿದೆ. ಶೇಕಡಾ 25 ತೇವವಿರುವ 100 ಕಿಲೋ ಕಾಳು, ತೇವ ಶೇಕಡಾ 13ಕ್ಕೆ ಇಳಿದಾಗ ಸುಮಾರು 86 ಕಿಲೋ ಮಾತ್ರ. ಹಸಿಯಾಗಿ ತೂಗಿ ಹಿಗ್ಗುವುದು ನೀರನ್ನು ತೂಗಿ ಹಿಗ್ಗಿದಂತೆ.

ಶೇಂಗಾ ಕಿತ್ತಾಗ ಅದರಲ್ಲಿ ಶೇಕಡಾ 40ರ ಆಸುಪಾಸು ತೇವ. ಒಣಗಿ 8–10ಕ್ಕೆ ಬರಬೇಕು. ಕಾಯಿಯನ್ನು ಕಿವಿಯ ಬಳಿ ಅಲುಗಿಸಿದರೆ ಗಲಗಲ ಎನ್ನಬೇಕು. ತೇವ ಹೆಚ್ಚಾದರೆ ಸಿಪ್ಪೆ ಮುರಿಯದೆ ಬಾಗುತ್ತದೆ, ಒಳಗಿನ ಕಾಳು ಜಜ್ಜುತ್ತದೆ. ಅತಿಯಾಗಿ ಒಣಗಿದರೆ ಕಾಳಿನ ಕೆಂಪು ಹೊಟ್ಟು ಕಳಚಿ ಕಾಳು ಎರಡು ಬೇಳೆಯಾಗುತ್ತದೆ. ಬೇಳೆಯಾದದ್ದು ಗಾಣಕ್ಕೆ ಸಲ್ಲುತ್ತದೆ, ಬೀಜಕ್ಕೆ ಸಲ್ಲದು.

ನೀರು ಚಿಮುಕಿಸುವ ಚಾಳಿ

ಒಡೆಯುವುದು ಸುಲಭವಾಗಲೆಂದು ಒಣ ಕಾಯಿಯ ಮೇಲೆ ನೀರು ಚಿಮುಕಿಸುವ ಚಾಳಿ ಹಲವೆಡೆ ಇದೆ. ಬೆರಳು ನೋಯುವುದು ಕಡಿಮೆ, ಕಾಳು ಒಡೆಯುವುದು ಕಡಿಮೆ, ತೂಕವೂ ಹೆಚ್ಚು. ಆದರೆ ಇದರ ಬೆಲೆಯನ್ನು ತೆರುವವರು ತಿನ್ನುವವರು. ಒದ್ದೆಯಾದ ಶೇಂಗಾದ ಮೇಲೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಬ್ರೆಜಿಲ್ ದೇಶದ ನೆಲಗಡಲೆ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಈಗ ಜಗತ್ತೇ ಒಪ್ಪಿದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಿಂಡಿ ತಿಂದ ಹಸುವಿನ ಹಾಲಿಗೂ ಅದರ ಅಂಶ ಇಳಿಯುತ್ತದೆ. ಹಟ್ಟಿಯಲ್ಲಿ ಹಸು ಕಟ್ಟಿ, ಪೇಟೆಯಿಂದ ನೆಲಗಡಲೆ ಹಿಂಡಿ ತರುವ ನಮ್ಮ ಮನೆಗಳಿಗೂ ಇದು ದೂರದ ಸುದ್ದಿಯಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಟ್ಟರೆ ಸರಿಹೋಯಿತೆಂದು ಭಾವಿಸತಕ್ಕದ್ದಲ್ಲ.

ಕೈ, ಯಂತ್ರ ಮತ್ತು ಸಂದು

ಕೈಯಿಂದ ಒಡೆದರೆ ಗಂಟೆಗೆ ಒಂದೆರಡು ಕಿಲೋ ಕಾಳು. ಈ ದುಡಿಮೆ ಹೆಚ್ಚಾಗಿ ಹೆಂಗಸರದು. ಹೊಲದ ಕೆಲಸ, ರೊಟ್ಟಿ ಬಡಿಯುವ ಕೆಲಸ ಮುಗಿದ ಮೇಲಿನದು. ಕೈಯಿಂದ ಹಿಂದೆಮುಂದೆ ಆಡಿಸುವ ಸಣ್ಣ ಯಂತ್ರ ಗಂಟೆಗೆ ಅರ್ಧ ಕ್ವಿಂಟಲಿನಷ್ಟು ಕಾಯಿಯನ್ನು ಒಡೆಯಬಲ್ಲದು. ಅದರ ರಚನೆ ಸರಳ: ಕೆಳಗೆ ತೂತುಗಳ ಬಾಗಿದ ಜಾಲರಿ, ಮೇಲೆ ಉಜ್ಜುವ ಕಬ್ಬಿಣದ ಅಚ್ಚುಗಳು, ನಡುವೆ ಸಂದು.

ಎಲ್ಲ ಗುಟ್ಟೂ ಆ ಸಂದಿನಲ್ಲಿದೆ. ಸಂದು ಕಿರಿದಾದರೆ ಕಾಳು ಪುಡಿ. ಅಗಲವಾದರೆ ಸಣ್ಣ ಕಾಯಿಗಳು ಒಡೆಯದೆ ಜಾರುತ್ತವೆ. ಆದ್ದರಿಂದ ಕಾಯಿಯನ್ನು ಜರಡಿ ಹಿಡಿದು ದಪ್ಪ, ಸಣ್ಣ ಎಂದು ಬೇರ್ಪಡಿಸಿ, ಒಂದೊಂದಕ್ಕೆ ತಕ್ಕ ಜಾಲರಿ ಹಾಕಿ ಒಡೆದರೆ ನಷ್ಟ ಎಷ್ಟೋ ಕಡಿಮೆ. ಅಚ್ಚಿಗೆ ರಬ್ಬರ್ ಹೊದಿಸಿದರೆ ಪೆಟ್ಟು ಮೃದುವಾಗುತ್ತದೆ. ವಿದ್ಯುತ್ ಯಂತ್ರವಾದರೆ ಉರುಳೆಯ ವೇಗವನ್ನೂ ನೋಡಬೇಕು. ವೇಗ ಹೆಚ್ಚಿದಷ್ಟೂ ಕೆಲಸ ಬೇಗ, ಒಡಕೂ ಹೆಚ್ಚು. ಗಾಳಿಯ ರಭಸ ಮಿತಿಮೀರಿದರೆ ಸಣ್ಣ ಕಾಳು ಸಿಪ್ಪೆಯ ಜೊತೆ ಹಾರಿ ರಾಶಿಯ ಆಚೆ ಬೀಳುತ್ತದೆ. ಬಾಡಿಗೆ ಯಂತ್ರ ತಂದವರು ಸಿಪ್ಪೆಯ ರಾಶಿಗೂ ಒಮ್ಮೆ ಕೈ ಹಾಕಿ ನೋಡುವುದು ಒಳ್ಳೆಯದು.

ಈ ಸಂದಿನ ಗುಟ್ಟನ್ನು ಹಿಡಿದು ದೊಡ್ಡ ಕೆಲಸ ಮಾಡಿದವನು ಅಮೇರಿಕದ ಜಾಕ್ ಬ್ರ್ಯಾಂಡಿಸ್. 2001ರಲ್ಲಿ ಆಫ್ರಿಕದ ಮಾಲಿ ದೇಶದ ಹಳ್ಳಿಯೊಂದಕ್ಕೆ ಹೋಗಿದ್ದ ಆತ, ಅಲ್ಲಿನ ಹೆಂಗಸರು ಕೈಯಿಂದ ನೆಲಗಡಲೆ ಒಡೆಯುವ ಪಾಡನ್ನು ಕಂಡು, ಮುಂದೆ ಸಿಮೆಂಟು ಕಾಂಕ್ರೀಟಿನಿಂದ ಎರಕ ಹೊಯ್ಯುವ, ಕೈಯಿಂದ ತಿರುಗಿಸುವ ಯಂತ್ರವನ್ನು ರೂಪಿಸಿದ. ಗಂಟೆಗೆ ಸುಮಾರು 50 ಕಿಲೋ ಕೆಲಸ. ಮೇಲೆ ಅಗಲ, ಕೆಳಗೆ ಕಿರಿದಾಗುವ ಸಂದು ಇರುವುದರಿಂದ ದಪ್ಪ ಕಾಯಿ ಮೇಲೆಯೇ ಒಡೆಯುತ್ತದೆ, ಸಣ್ಣದು ಕೆಳಗಿಳಿದು ಒಡೆಯುತ್ತದೆ.

ಗೋವಿನಜೋಳಕ್ಕೆ ಇನ್ನೂ ಅಗ್ಗದ ಸಾಧನವಿದೆ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆ ಬಳಕೆಗೆ ತಂದ ಕೊಳವೆ ಇದು. ಒಳಗೆ ನಾಲ್ಕು ಹಲ್ಲಿನ ಪಟ್ಟಿ. ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದು ತೆನೆಯನ್ನು ತೂರಿಸಿ ತಿರುವಿದರೆ ಕಾಳು ಉದುರುತ್ತದೆ. ಬೆರಳಿಗೆ ಗಾಯವಿಲ್ಲ, ಕಾಳಿಗೆ ಪೆಟ್ಟಿಲ್ಲ. ಬೀಜದ ಕಾಳು ಬಿಡಿಸಲು ಇದಕ್ಕಿಂತ ಒಳ್ಳೆಯದು ಬೇಡ.

ಶೇಂಗಾ ಬೀಜದ ವಿಷಯದಲ್ಲಿ ಹಿರಿಯರ ರೂಢಿಯೇ ಸರಿ. ಬೀಜವನ್ನು ಕಾಯಿಯಲ್ಲೇ ಇಟ್ಟು, ಬಿತ್ತನೆಗೆ ಒಂದೆರಡು ವಾರ ಮುಂಚೆ ಕೈಯಿಂದ ಒಡೆಯಬೇಕು. ಹೊಟ್ಟು ಹರಿದ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆ. ಎಕರೆಗೆ 40–50 ಕಿಲೋ ಕಾಳು ಬೇಕಾಗುವಾಗ ಅದರಲ್ಲಿ ಹತ್ತು ಕಿಲೋ ಹುಟ್ಟದೆ ಹೋದರೆ ಮುಂದಿನ ವರ್ಷದ ನಷ್ಟ ಈ ವರ್ಷದ ಯಂತ್ರದಲ್ಲೇ ಆರಂಭವಾದಂತೆ.

ಹೇಳುವ ಭಾಷೆ

ಇಷ್ಟೆಲ್ಲ ತಿಳಿವಳಿಕೆ ಹೊಸತೇನಲ್ಲ. ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನೆ 1933ರ ಹೊತ್ತಿಗೇ ಆರಂಭವಾಗಿತ್ತು. ನದಿಯಾಚೆ ವಿಜಯಪುರದಲ್ಲೂ ಅದೇ ಕಾಲದಲ್ಲಿ ಅಂಥದೇ ಕೇಂದ್ರ ಎದ್ದಿತು. ರಾಹುರಿಯ ವಿಶ್ವವಿದ್ಯಾಲಯ ಮರಾಠಿಯಲ್ಲಿಯೂ ಧಾರವಾಡದ ವಿಶ್ವವಿದ್ಯಾಲಯ ಕನ್ನಡದಲ್ಲಿಯೂ ರೈತರಿಗೆ ಹೇಳುತ್ತ ಬಂದಿವೆ. ಆದರೆ ಧಾರವಾಡದ ಕೈಪಿಡಿ ಭೀಮೆಯನ್ನು ದಾಟುವುದು ಸುಲಭವಲ್ಲ. ಮರಾಠಿ ಕೈಪಿಡಿಯನ್ನು ಮನೆಯ ಓದಿದ ಹುಡುಗ ಓದಿಯಾನು. ಕಾಯಿ ಒಡೆಯುವ ಅಜ್ಜಿಗೆ, ಅವ್ವನಿಗೆ ಅದು ತಲುಪುತ್ತದೆಯೇ? ಅಡಿಕೆಯ ಔಷಧಿ ಡಬ್ಬಿಯ ಮೇಲಿನ ಅಕ್ಷರವನ್ನು ಯಾರಿಂದಲೋ ಓದಿಸಿಕೊಳ್ಳಬೇಕಾದ ಕಷ್ಟ ನಮ್ಮ ಓದುಗರಿಗೆ ಗೊತ್ತಿರುವುದೇ. ಎಷ್ಟು ತೇವದಲ್ಲಿ ಒಡೆಯಬೇಕು, ನೀರು ಏಕೆ ಚಿಮುಕಿಸಬಾರದು ಎಂಬ ನಾಲ್ಕು ಮಾತು ಮನೆಮಾತಿನಲ್ಲಿ ಬಂದರೆ ಅದು ಕಾಳಾಗಿ, ಎಣ್ಣೆಯಾಗಿ, ಆರೋಗ್ಯವಾಗಿ ಲೆಕ್ಕಕ್ಕೆ ಸಿಗುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ಅರ್ಜಿ ನಮೂನೆ ಮಾತ್ರವಲ್ಲ, ಇದೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಪ್ರತಿ ಮನೆಯಲ್ಲೂ ಮಾಡಬಹುದಾದ ಒಂದು ಪರೀಕ್ಷೆಯಿದೆ. ಮಾರುವ ಮುನ್ನ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಒಂದು ಕಿಲೋ ಕಾಯಿ ತೂಗಿ ಕೈಯಿಂದ ಒಡೆಯಿರಿ. ಕಾಳನ್ನು ತೂಗಿರಿ. 700 ಗ್ರಾಂ ಬಂದರೆ ನೂರಕ್ಕೆ ಎಪ್ಪತ್ತು. ಅದನ್ನು ಬರೆದಿಟ್ಟು, ಮುಂದಿನ ವರ್ಷ ಮತ್ತೆ ತೂಗಿ ನೋಡಿರಿ. ಹೆಚ್ಚಿದ್ದರೆ ಏನು ಮಾಡಿದೆವು, ಇಳಿದಿದ್ದರೆ ಎಲ್ಲಿ ತಪ್ಪಿತು ಎಂಬುದನ್ನು ಆ ಎರಡು ಅಂಕಿಗಳೇ ಕೇಳುತ್ತವೆ. ಮಾರುಕಟ್ಟೆಯಲ್ಲಿ ದರ ಹೇಳುವವನ ಎದುರು ನಿಲ್ಲಲು ಒಂದು ಆಧಾರವೂ ದೊರೆಯುತ್ತದೆ.