ಬಿಡುವುದು ಸರಿ, ಹೋಗುವುದು ಎಲ್ಲಿಗೆ?

2016ರ ಜೂನ್ 23ರಂದು ಲಂಡನ್ನಿನಲ್ಲಿ ನೆಲೆಸಿದ್ದ ಕನ್ನಡಿಗರ ಪೈಕಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದವರೂ ಮತಗಟ್ಟೆಗೆ ಹೋಗಬಹುದಿತ್ತು. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ ಎಂದು ತೀರ್ಮಾನಿಸುವ ಮತದಾನ ಅದು. ಕಾಮನ್‌ವೆಲ್ತ್ ದೇಶದ ಪ್ರಜೆಗಳು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕಿತ್ತು. ಅದೇ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಸಂಸಾರ ನಡೆಸುತ್ತಿದ್ದ ಫ್ರಾನ್ಸಿನ ಅಥವಾ ಪೋಲೆಂಡಿನ ಪ್ರಜೆಗೆ ಮಾತ್ರ ಆ ಹಕ್ಕಿರಲಿಲ್ಲ. ಫಲಿತಾಂಶದ ಬಿಸಿ ಮೊದಲು ತಟ್ಟುವುದು ಅವರಿಗೇ ಆಗಿತ್ತು.

ಮತಪತ್ರದಲ್ಲಿ ಒಂದೇ ಪ್ರಶ್ನೆ, ಎರಡೇ ಉತ್ತರ. ಸರ್ಕಾರ ಮೊದಲು ‘ಸದಸ್ಯ ರಾಷ್ಟ್ರವಾಗಿ ಉಳಿಯಬೇಕೇ?’ ಎಂದಷ್ಟೇ ಕೇಳಲು ಹೊರಟಿತ್ತು. ಹಾಗೆ ಕೇಳಿದರೆ ಜನರನ್ನು ‘ಹೌದು’ ಕಡೆಗೆ ವಾಲಿಸಿದಂತಾಗುತ್ತದೆ ಎಂದು ಚುನಾವಣಾ ಆಯೋಗ ಸೂಚಿಸಿದ ಮೇಲೆ ‘ಉಳಿಯಬೇಕೇ ಅಥವಾ ಬಿಡಬೇಕೇ’ ಎಂದು ತಿದ್ದಲಾಯಿತು. ಪ್ರಶ್ನೆಯ ಒಂದೊಂದು ಮಾತನ್ನೂ ಇಷ್ಟು ತೂಗಿ ನೋಡಿದ ವ್ಯವಸ್ಥೆ, ಬಿಟ್ಟ ಮೇಲೆ ಏನು ಎಂಬುದನ್ನು ತೂಗಲೇ ಇಲ್ಲ. ‘ಬಿಡಬೇಕು’ ಎಂಬ ತೀರ್ಪು ಬಂದರೆ ಮುಂದೇನು ಎಂದು ಯೋಜನೆ ಹಾಕಲು ಡೇವಿಡ್ ಕ್ಯಾಮರೂನ್ ಸರ್ಕಾರ ಇಲಾಖೆಗಳಿಗೆ ಹೇಳಿರಲಿಲ್ಲ. ಸಂಸತ್ತಿನ ವಿದೇಶಾಂಗ ಸಮಿತಿ ಇದನ್ನು ಘೋರ ನಿರ್ಲಕ್ಷ್ಯವೆಂದೇ ಕರೆಯಿತು. ಆ ಮಾತು ಕಟುವಾಗಿದ್ದರೂ ಸರಿಯಾಗಿಯೇ ಇದೆ.

ಬಿಡುವವರ ವಾದದಲ್ಲಿ ಹುರುಳಿರಲಿಲ್ಲ ಎಂದಲ್ಲ. 1973ರಲ್ಲಿ ಬ್ರಿಟನ್ ಸೇರಿದ್ದು ಬಹುಪಾಲು ವ್ಯಾಪಾರದ ಕೂಟವೊಂದನ್ನು. 1975ರ ಜನಮತಗಣನೆಯಲ್ಲಿ ಶೇ 67ರಷ್ಟು ಜನ ಅಲ್ಲೇ ಇರೋಣ ಎಂದಿದ್ದರು. ಆಗ ಮಾರ್ಗರೆಟ್ ಥ್ಯಾಚರ್ ಉಳಿಯುವ ಪರ, ಎಡಪಂಥೀಯ ಟೋನಿ ಬೆನ್ ಬಿಡುವ ಪರ. ಮುಂದಿನ ನಾಲ್ಕು ದಶಕಗಳಲ್ಲಿ ಆ ಕೂಟ ಕಾನೂನು ಮಾಡುವ, ಗಡಿ ತೆರೆಸುವ ರಾಜಕೀಯ ಒಕ್ಕೂಟವಾಗಿ ಬೆಳೆಯಿತು. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಸೇರಿದಾಗ ಆ ಕಾರ್ಮಿಕರಿಗೆ ಒಡನೆಯೇ ಬಾಗಿಲು ತೆರೆದ ದೇಶಗಳು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ನಮ್ಮೂರಿನ ವಿಷಯವನ್ನು ಬ್ರಸೆಲ್ಸ್‌ನಲ್ಲಿ ಕುಳಿತವರು ನಿರ್ಧರಿಸಿದರೆ ಅವರನ್ನು ಸೋಲಿಸುವುದು ಹೇಗೆ ಎಂಬ ಮತದಾರನ ಪ್ರಶ್ನೆ ಪ್ರಜಾಪ್ರಭುತ್ವದ ನ್ಯಾಯವಾದ ಪ್ರಶ್ನೆ. ‘ಹತೋಟಿ ಮತ್ತೆ ನಮ್ಮ ಕೈಗೆ’ ಎಂಬ ಘೋಷಣೆ ನಾಟಿದ್ದು ಅದಕ್ಕಾಗಿಯೇ.

ಆದರೆ ಚರ್ಚೆ ಆ ಎತ್ತರದಲ್ಲಿ ನಿಲ್ಲಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ಸರ್ಕಾರಿ ಆರೋಗ್ಯ ಸೇವೆಗೆ ಕೊಡೋಣ ಎಂದು ಬರೆದ ಕೆಂಪು ಬಸ್ಸು ಊರೂರು ಸುತ್ತಿತು. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಆ ಲೆಕ್ಕ ಕಳೆದಿರಲೇ ಇಲ್ಲ. ಇದು ದಾರಿ ತಪ್ಪಿಸುವ ಅಂಕಿ ಎಂದು ಅಧಿಕೃತ ಅಂಕಿಅಂಶ ಪ್ರಾಧಿಕಾರ ಹೇಳಿದರೂ ಬಸ್ಸು ನಿಲ್ಲಲಿಲ್ಲ. ಇತ್ತ ಉಳಿಯುವ ಪರದವರು ಒಕ್ಕೂಟದಿಂದ ಏನು ಒಳಿತಾಗಿದೆ ಎಂದು ಹೇಳುವ ಬದಲು, 2030ರ ಹೊತ್ತಿಗೆ ಪ್ರತಿ ಮನೆಗೂ 4,300 ಪೌಂಡ್ ನಷ್ಟ ಎಂದು ಹಣಕಾಸು ಇಲಾಖೆಯ ಅಂದಾಜು ಹಿಡಿದು ಹೆದರಿಸಿದರು. ಹೆದರಿಕೆಗೆ ಜನ ಬಗ್ಗಲಿಲ್ಲ.

ಬಿಡಲು ಶೇ 51.9, ಉಳಿಯಲು ಶೇ 48.1. ಇಂಗ್ಲೆಂಡ್ ಮತ್ತು ವೇಲ್ಸ್ ಬಿಡೋಣ ಎಂದವು. ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು, ಉತ್ತರ ಐರ್ಲೆಂಡಿನಲ್ಲಿ ಶೇ 55.8ರಷ್ಟು ಮತದಾರರು ಉಳಿಯೋಣ ಎಂದರು. ಸ್ಕಾಟ್ಲೆಂಡಿನವರ ಸಂಕಟ ವಿಶೇಷವಾದದ್ದು. ಬ್ರಿಟನ್ನಿನಿಂದಲೇ ಬೇರೆಯಾಗಬೇಕೇ ಎಂದು 2014ರಲ್ಲಿ ಅವರು ಮತ ಹಾಕಿದಾಗ, ಬೇರೆಯಾದರೆ ಐರೋಪ್ಯ ಒಕ್ಕೂಟದ ಸದಸ್ಯತ್ವವೂ ಹೋದೀತು ಎಂದು ಎಚ್ಚರಿಸಲಾಗಿತ್ತು. ಅಂದು ಶೇ 55ರಷ್ಟು ಜನ ಬ್ರಿಟನ್ನಿನಲ್ಲೇ ಉಳಿಯುವ ಪರ ನಿಂತರು. ಎರಡೇ ವರ್ಷದಲ್ಲಿ ಆ ಸದಸ್ಯತ್ವವೂ ಕೈಬಿಟ್ಟು ಹೋಗುವಂತಾಯಿತು. ಆದರೂ ಸ್ಕಾಟ್ಲೆಂಡಿನ ಸರ್ಕಾರ ಒಂದು ಮರ್ಯಾದೆ ಉಳಿಸಿಕೊಂಡಿತ್ತು: ಸ್ವತಂತ್ರವಾದರೆ ನಾಣ್ಯ ಯಾವುದು, ಪಿಂಚಣಿ ಹೇಗೆ, ಸೇನೆ ಎಷ್ಟು ಎಂದು 600ಕ್ಕೂ ಹೆಚ್ಚು ಪುಟಗಳ ಶ್ವೇತಪತ್ರವನ್ನು ಮತದಾನಕ್ಕೆ ತಿಂಗಳುಗಳ ಮೊದಲೇ ಜನರ ಮುಂದಿಟ್ಟಿತ್ತು. ಪೌಂಡನ್ನೇ ಬಳಸುತ್ತೇವೆ ಎಂಬ ಅದರ ಮಾತನ್ನು ಹಲವರು ನಂಬಲಿಲ್ಲ. ಹಾಗೆ ಓದಿ ನಂಬದಿರುವುದಕ್ಕಾದರೂ ಕೈಯಲ್ಲೊಂದು ಕಾಗದವಿತ್ತು.

2016ರಲ್ಲಿ ಅಂಥ ಕಾಗದ ಇರಲಿಲ್ಲ. ಬಿಡಬೇಕು ಎನ್ನುವವರಲ್ಲೇ ಕೆಲವರು ನಾರ್ವೆಯನ್ನು ತೋರಿಸಿದರು, ಕೆಲವರು ಕೆನಡಾವನ್ನು. ನಾರ್ವೆ ಒಕ್ಕೂಟದ ಹೊರಗಿದ್ದರೂ ಏಕ ಮಾರುಕಟ್ಟೆಯೊಳಗಿದೆ, ಹಣ ಕಟ್ಟುತ್ತದೆ, ಯುರೋಪಿನವರು ಬಂದು ದುಡಿಯುವುದನ್ನು ಒಪ್ಪಿಕೊಂಡಿದೆ. ಕೆನಡಾಕ್ಕೆ ಇರುವುದು ಬರಿಯ ವ್ಯಾಪಾರ ಒಪ್ಪಂದ. ಎರಡಕ್ಕೂ ಅಜಗಜಾಂತರ. ಯಾವುದಕ್ಕೆ ಜನಾದೇಶ ಎಂದು ಕೇಳಿದರೆ ಹೇಳುವವರಿರಲಿಲ್ಲ. ಕ್ಯಾಮರೂನ್ ನಂತರ ಪ್ರಧಾನಿಯಾದ ಥೆರೆಸಾ ಮೇ ತಂದ ಒಪ್ಪಂದವನ್ನು 2019ರ ಜನವರಿಯಲ್ಲಿ ಸಂಸದರು 432–202 ಮತಗಳಿಂದ ತಿರಸ್ಕರಿಸಿದರು. ಆಧುನಿಕ ಕಾಲದಲ್ಲಿ ಬ್ರಿಟಿಷ್ ಸರ್ಕಾರವೊಂದು ಕಂಡ ಅತಿದೊಡ್ಡ ಸೋಲು ಅದು. ಹಾಗಾದರೆ ನಿಮಗೆ ಬೇಕಾದ್ದೇನು ಎಂದು ಮಾರ್ಚಿನಲ್ಲಿ ಎಂಟು ಆಯ್ಕೆಗಳನ್ನು ಸದನದ ಮುಂದಿಟ್ಟರೆ, ಎಂಟಕ್ಕೂ ಬಹುಮತ ಸಿಗಲಿಲ್ಲ.

ಎಲ್ಲಕ್ಕಿಂತ ಜಟಿಲವಾದದ್ದು ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ದಕ್ಷಿಣದ ಗಣರಾಜ್ಯ ಒಕ್ಕೂಟದ ಸದಸ್ಯ. ನಡುವಿನ ಸುಮಾರು 500 ಕಿಲೋಮೀಟರ್ ಗಡಿ ಹೊಲ, ರಸ್ತೆಗಳನ್ನು ಸೀಳಿಕೊಂಡು ಹೋಗುತ್ತದೆ. ಮೂರು ದಶಕಗಳ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತ ಮೇಲೆ 1998ರ ಒಪ್ಪಂದದಿಂದ ನೆಮ್ಮದಿ ಮರಳಿತ್ತು. ಕಾವಲು ಗೋಪುರಗಳು ಉರುಳಿ ಜನ ಯಾರನ್ನೂ ಕೇಳದೆ ಆಚೀಚೆ ಓಡಾಡುತ್ತಿದ್ದರು. ಬ್ರಿಟನ್ ಹೊರಬಂದರೆ ಇಲ್ಲಿ ಮತ್ತೆ ತಪಾಸಣಾ ಠಾಣೆ ಬರಬೇಕೇ? ಪ್ರಚಾರದ ಗದ್ದಲದಲ್ಲಿ ಈ ಪ್ರಶ್ನೆಗೆ ಕಿವಿಗೊಟ್ಟವರು ಕಡಿಮೆ. ಕೊನೆಗೆ ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ತಪಾಸಣೆಯನ್ನು ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವಿನ ಸಮುದ್ರಕ್ಕೆ ಸರಿಸಿದರು. ಒಂದೇ ದೇಶದ ಎರಡು ಭಾಗಗಳ ನಡುವೆ ಸರಕಿಗೆ ಕಾಗದಪತ್ರ ಬೇಕಾಯಿತು.

ಅದನ್ನು ಸಡಿಲಿಸುವ ಕೆಲಸ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್ ಪಾಲಿಗೆ ಬಂತು. 2016ರಲ್ಲಿ ಅವರು ಬಿಡುವ ಪರವಾಗಿದ್ದವರು. ಪ್ರಧಾನಿಯಾಗಿ 2023ರ ಫೆಬ್ರುವರಿಯಲ್ಲಿ ವಿಂಡ್ಸರ್‌ನಲ್ಲಿ ಒಕ್ಕೂಟದೊಂದಿಗೆ ರಾಜಿ ಮಾಡಿಕೊಂಡರು: ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ಗಡಿ ದಾಟಬಹುದಾದ ಸರಕಿಗೆ ಕೆಂಪು ಸಾಲು.

ಬ್ರಿಟನ್ನಿಗೂ ಹಿಂದೆ ಇದೇ ಕೂಟದಿಂದ ಹೊರಬಂದ ನಾಡು ಗ್ರೀನ್‌ಲ್ಯಾಂಡ್. ಅದಕ್ಕೆ ತನಗೆ ಬೇಕಾದ್ದೇನೆಂದು ಗೊತ್ತಿತ್ತು: ತನ್ನ ಕಡಲಿನ ಮೀನು. 1982ರಲ್ಲಿ ಶೇ 53ರಷ್ಟು ಜನ ಬಿಡುವ ಪರ ಮತ ಹಾಕಿದರು. ಜನಸಂಖ್ಯೆ ಕೇವಲ 50 ಸಾವಿರದ ಆಸುಪಾಸು, ಮುಖ್ಯ ತಕರಾರು ಒಂದೇ. ಆದರೂ ಬಿಡುಗಡೆ ಆಗಿದ್ದು 1985ರ ಫೆಬ್ರುವರಿಯಲ್ಲಿ. ಈಗ ಯುರೋಪಿನವರು ಅಲ್ಲಿ ಮೀನು ಹಿಡಿಯಲು ಹಣ ಕೊಡುತ್ತಾರೆ.

ಬ್ರಿಟನ್ 2020ರ ಜನವರಿ 31ಕ್ಕೆ ಹೊರಬಂತು. ಬೇರೆ ದೇಶಗಳೊಂದಿಗೆ ಸ್ವತಂತ್ರವಾಗಿ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವ ಹಕ್ಕು ಬಂದದ್ದು ನಿಜ. 2025ರ ಜುಲೈಯಲ್ಲಿ ಭಾರತದೊಂದಿಗೆ ಸಹಿಯಾದದ್ದು ಅದರ ಫಲ. ಯುರೋಪಿನಿಂದ ಬರುವವರು ಕಡಿಮೆಯಾದರು, ಭಾರತ, ನೈಜೀರಿಯಾದಂಥ ದೇಶಗಳಿಂದ ಬರುವವರು ಹೆಚ್ಚಿದರು; 2023ರ ಹೊತ್ತಿಗೆ ನಿವ್ವಳ ವಲಸೆ 2016ರಲ್ಲಿದ್ದುದರ ಎರಡು ಪಟ್ಟಿಗೂ ಮಿಗಿಲಾಗಿತ್ತು. ಒಕ್ಕೂಟದಲ್ಲೇ ಇದ್ದಿದ್ದರೆ ಇರುತ್ತಿದ್ದ ಉತ್ಪಾದಕತೆಗಿಂತ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎನ್ನುವುದು ಸರ್ಕಾರದ ಆಯವ್ಯಯ ಅಂದಾಜು ಸಂಸ್ಥೆಯ ಲೆಕ್ಕ. ಗ್ರೀನ್‌ಲ್ಯಾಂಡಿನಂತೆ ಇಲ್ಲೂ ಮೀನಿನ ಮಾತಿತ್ತು: ಮೀನುಗಾರರ ಊರಾದ ಗ್ರಿಮ್ಸ್‌ಬಿಯ ಸುತ್ತ ಸುಮಾರು ಶೇ 70ರಷ್ಟು ಮತ ಬಿಡುವ ಪರ ಬಿದ್ದಿತ್ತು. 2025ರ ಮೇ ತಿಂಗಳಲ್ಲಿ ಕೀರ್ ಸ್ಟಾರ್ಮರ್ ಸರ್ಕಾರ ಒಕ್ಕೂಟದೊಂದಿಗೆ ಮತ್ತೆ ಮಾತಿಗೆ ಕುಳಿತು, ಆಹಾರ ಪದಾರ್ಥಗಳ ಗಡಿ ತಪಾಸಣೆಯನ್ನು ಸಡಿಲಿಸುವ ಬಗ್ಗೆ ಹೊಂದಾಣಿಕೆಗೆ ಬಂತು. ಅದೇ ಮಾತುಕತೆಯಲ್ಲಿ ಯುರೋಪಿನ ದೋಣಿಗಳು ಬ್ರಿಟನ್ನಿನ ಕಡಲಲ್ಲಿ 2038ರವರೆಗೆ ಮೀನು ಹಿಡಿಯಲು ಒಪ್ಪಿಗೆ ಕೊಟ್ಟಿತು.