ಗಾಲ್ಫ್ ಕಾರ್ಟ್ ರಸ್ತೆಗಿಳಿಯಬಹುದೇ?

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಗಾಲ್ಫ್ ಕಾರ್ಟ್ ಸಾರ್ವಜನಿಕ ರಸ್ತೆಗಿಳಿಯುವುದು ಮೂಲತಃ ನಿಷಿದ್ಧ. ಆದರೆ ಇಂಥ ಬೀದಿಯಲ್ಲಿ ಓಡಿಸಬಹುದೆಂದು ಗುರುತಿಸಿ ಫಲಕ ಹಾಕುವ ಅಧಿಕಾರ ಕೌಂಟಿಗೂ ನಗರಾಡಳಿತಕ್ಕೂ ಇದೆ. ಅದಕ್ಕೆ ಮೊದಲು ಅಲ್ಲಿನ ವಾಹನಗಳ ವೇಗ, ದಟ್ಟಣೆ, ಸ್ವರೂಪವನ್ನು ಅವು ತೂಗಿನೋಡಬೇಕು. ಕಾರ್ಟಿನ ಬ್ರೇಕ್, ಸ್ಟಿಯರಿಂಗ್, ಟೈರು ಸರಿಯಿರಬೇಕು. ಕನ್ನಡಿ, ಕೆಂಪು ಪ್ರತಿಫಲಕಗಳೂ ಬೇಕು. ಸೂರ್ಯ ಮುಳುಗಿದ ಮೇಲೆ ಓಡಿಸಲು ಸ್ಥಳೀಯಾಡಳಿತ ಪ್ರತ್ಯೇಕವಾಗಿ ಒಪ್ಪಿರಬೇಕು, ದೀಪಗಳೂ ಇರಬೇಕು.

ಅಚ್ಚರಿಯೆಂದರೆ, ಬಹುಕಾಲ 14 ವರ್ಷದ ಮಕ್ಕಳೂ ಇದನ್ನು ಓಡಿಸಬಹುದಿತ್ತು! 2023ರ ತಿದ್ದುಪಡಿಯ ನಂತರ 18ರೊಳಗಿನವರಿಗೆ ಕಲಿಕಾ ಇಲ್ಲವೇ ಚಾಲನಾ ಪರವಾನಗಿ ಕಡ್ಡಾಯ. ದೊಡ್ಡವರಿಗೆ ಸರ್ಕಾರಿ ಗುರುತಿನ ಚೀಟಿ ಸಾಕು. ಗಂಟೆಗೆ ಸುಮಾರು 32 ಕಿ.ಮೀ. ಮೀರಿ ಓಡುವಂತೆ ಮಾರ್ಪಡಿಸಿದ ಬಂಡಿ ಕಾನೂನಿನ ಕಣ್ಣಲ್ಲಿ ಗಾಲ್ಫ್ ಕಾರ್ಟ್ ಅಲ್ಲವೇ ಅಲ್ಲ. ಅದಕ್ಕೆ ನೋಂದಣಿ, ವಿಮೆ ಎರಡೂ ಬೇಕು.